ಹೆಸರು ಬಂದದ್ದು ಮಷೀನಿಗೆ

ಜೋಳದ ರೊಟ್ಟಿ ತೆಳ್ಳಗಾಯಿತೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ದಪ್ಪ ಇದ್ದಾಗ ಬಡಿತ ಮಂದ. ತೆಳುವಾದಂತೆ ಕೆಳಗಿನ ಕಲ್ಲು ಮಾತಾಡತೊಡಗುತ್ತದೆ. ಕುಷಾಯಿಗೂಡದ ನಮ್ಮ ಮನೆಯಲ್ಲಿ ಎಳ್ಳಮಾವಾಸ್ಯೆಗೆ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುವಾಗ, ಹಂಚಿನ ಮುಂದೆ ಬೆನ್ನು ತಿರುಗಿಸಿ ನಿಂತೇ ನಾನು "ಸಾಕು, ಹಾಕು" ಅನ್ನುತ್ತಿದ್ದೆ. ಆ ಜಾಗ ನನ್ನದು.

ಕಿವಿ ಮಂದವಾಗಿ ಮಷೀನು ಹಾಕಿಸಿಕೊಂಡ ವಾರವೇ ಹಬ್ಬ ಬಂತು. ಕುಕ್ಕರಿನ ಸೀಟಿ, ನಲ್ಲಿ ನೀರು, ರೊಟ್ಟಿ ಬಡಿತ, ಎಲ್ಲವೂ ತಗಡಿನ ಡಬ್ಬಿಯಲ್ಲಿ ಹರಳು ಕುಲುಕಿದ ಹಾಗೆ. ದಪ್ಪ ರೊಟ್ಟಿಗೇ "ಸಾಕು" ಅಂದುಬಿಟ್ಟೆ. ನಡುವೆ ಹಸಿ ಉಳಿಯಿತು. ನಾದಿನಿ ನನ್ನ ಕೈಯಿಂದ ನೀರು ಸವರುವ ಬಟ್ಟೆ ತೆಗೆದುಕೊಂಡಳು.

"ವೈನಿ, ನೀವು ಕುಂದರ್ರಿ. ಪಲ್ಯ ಸೋಸ್ರಿ." ಸೊಪ್ಪಿನ ಬುಟ್ಟಿ ನನ್ನ ಕಡೆ ಸರಿಸಿ, ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಈ ವಯಸ್ಸಿನಾಗ ಕಿವಿ ಹೊಸಾದು ಏನ್ ಕಲೀತೈತಿ ಅಣ್ಣಾ?"

"ಗಿಡ ಆದಾಗ ಬಗ್ಗಲಾರದ್ದು ಮರ ಆದಮ್ಯಾಲ ಬಗ್ಗತೈತೇನು?" ಅಂದರು ಅವರು.

ನಾನು ಅಲ್ಲೇ, ಎದುರಿಗೇ ಕೂತಿದ್ದೆ. ನಾನೇನು ಮರವೇ?

ಕಿವಿ ಪರೀಕ್ಷೆ ಮಾಡಿದ ಹುಡುಗಿ ತೆಲುಗಿನಲ್ಲಿ ತಿಳಿಸಿ ಹೇಳಿದ್ದಳು: ಮಷೀನು ಸದ್ದನ್ನು ಒಳಗೆ ಬಿಡುತ್ತದೆ ಅಷ್ಟೇ. ಅದು ಯಾವ ಸದ್ದು ಎಂದು ತೀರ್ಮಾನಿಸುವುದು ಮಿದುಳು. ಅದಕ್ಕೆ ಮತ್ತೆ ಕಲಿಸಬೇಕು, ಯಾವ ವಯಸ್ಸಿನಲ್ಲೂ ಕಲಿಯುತ್ತದೆ.

ಕಲಿಸಿದೆ. ಮಾದಾಪುರದ ಆಫೀಸಿನಿಂದ ಬಂದ ಮಗಳು ಸಂಜೆ ರೊಟ್ಟಿ ಬಡಿಯುವಳು. ನಾನು ಗೋಡೆಗೆ ಮುಖ ಮಾಡಿ ಕೂತು "ದಪ್ಪ", "ಇನ್ನೊಂದೀಟು", "ಸಾಕು" ಅನ್ನುವೆ. "ತಪ್ಪಾತಬೇ ಅವ್ವಾ," ಎಂದು ಅವಳು ರೊಟ್ಟಿ ಎತ್ತಿ ತೋರಿಸುವಳು. ಮತ್ತೆ ಗೋಡೆ. ಕೆಲವು ಸಂಜೆ ತಲೆನೋವು ಬಿಟ್ಟರೆ ಏನೂ ದಕ್ಕುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತಗಡಿನ ಸದ್ದಿನೊಳಗಿಂದ ಮಂದದ್ದೂ ಚುರುಕಿನದ್ದೂ ಮೆಲ್ಲಗೆ ಬೇರೆಯಾದವು. ಮಷೀನು ಅದೇ; ಈ ನಡುವೆ ಅದನ್ನು ಯಾರೂ ತಿದ್ದಿರಲಿಲ್ಲ.

ಮುಂದಿನ ಎಳ್ಳಮಾವಾಸ್ಯೆಗೂ ನನ್ನ ಮುಂದೆ ಸೊಪ್ಪಿನ ಬುಟ್ಟಿ ಇಟ್ಟರು. ಸೋಸುತ್ತ, ತಲೆ ಎತ್ತದೆ ನಾದಿನಿಗೆ ಹೇಳಿದೆ: "ಅಂಚು ಇನ್ನೂ ದಪ್ಪ ಐತಿ ನೋಡು."

ಎತ್ತಿ ನೋಡಿದಳು. ಇತ್ತು.

"ಅಣ್ಣಾ, ಭಾಳ ಚಲೋ ಮಷೀನ್ ಕೊಡಿಸೀದಿ ಬಿಡು," ಅಂದಳು. ಅವರು ಮೀಸೆಯಡಿ ನಕ್ಕು, ಬಂದವರಿಗೆಲ್ಲ ಮಷೀನಿನ ಗುಣಗಾನ ಶುರುಮಾಡಿದರು.

ಹಸಿ ರೊಟ್ಟಿಯ ದಿನವೂ ನನ್ನ ಕಿವಿಯಲ್ಲಿದ್ದದ್ದು ಇದೇ ಮಷೀನು. ಎದ್ದು ಹೋಗಿ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡೆ.

"ಮಷೀನೇನು ಗ್ವಾಡಿಗೆ ಮಾರಿ ಮಾಡಿ ಕುಂತಿತ್ತೇನು? ಸರಿ ಅತ್ತಾಗ."