ಎಲ್ ಆರ್ ಎಂದು ಬರೆದ ಕೈ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಪಾರ್ಕಿಂಗ್ ಲಾಟಿನ ಆಚೆಯ ಚರ್ಚಿನಿಂದ ಗಂಟೆ ಕೇಳುತ್ತದೆ. ಅದು ನಿಜವಾದ ಗಂಟೆಯಲ್ಲ. ಎಲ್ಲೋ ಯಾರೋ ಹೊಡೆದದ್ದನ್ನು ಹಿಡಿದಿಟ್ಟು ಸ್ಪೀಕರಿನಲ್ಲಿ ಹಾಕುತ್ತಾರೆ. ಏಳನೆಯ ಪೆಟ್ಟಿನ ಹೊತ್ತಿಗೆ ಅದರ ಹಿಂದೆ ಸಣ್ಣ ಗರಗರ ಸದ್ದು ಶುರುವಾಗುತ್ತದೆ. ಕಡಲಾಚೆಯ ಮಿಲ್ಪಿಟಾಸ್ ಊರಿನ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ ನೂರುನ್ನಿಸಾ ನದಾಫ್ ಅಷ್ಟು ಹೊತ್ತಿಗೆ ಕಿಟಕಿ ಮುಚ್ಚಿರುತ್ತಾಳೆ. ಸೆಕೆಯಿದ್ದರೂ ಮುಚ್ಚುತ್ತಾಳೆ. ಯಾಕೆ ಎಂದು ಮಗಳು ಲುಬ್ನಾ ಕೇಳುವುದನ್ನು ಬಿಟ್ಟಿದ್ದಾಳೆ.

ನೂರುನ್ನಿಸಾಳಿಗೆ ನಲವತ್ತೇಳು ವರ್ಷ. ಊರು ವಿಜಯಪುರ. ಅವಳ ತಂದೆ ಹತ್ತಿ ಬಡಿದು ಗಾದಿ ಹೊಲಿಯುತ್ತಿದ್ದರು. ಹೊಲಿದಾದ ಮೇಲೆ ಗಾದಿಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಮೂಲೆಯಿಂದ ಮೂಲೆಗೆ ಸರಿಸುತ್ತಿದ್ದರು. ಎಲ್ಲಾದರೂ ಗಂಟು ಸಿಕ್ಕರೆ ಇಡೀ ಹೊಲಿಗೆ ಬಿಚ್ಚುತ್ತಿದ್ದರು. ಮಲಗಿದವರಿಗೆ ಒತ್ತಬಾರದು ಎನ್ನುವುದೊಂದೇ ಅವರ ಹಟ. ಗಂಡ ಇಕ್ಬಾಲ್ ತೀರಿಕೊಂಡ ಮೇಲೆ ಮಿಲ್ಪಿಟಾಸಿನ ಒಂದು ಕೇರ್ ಹೋಮಿನಲ್ಲಿ ಕೆಲಸಕ್ಕೆ ಸೇರಿದಾಗ, ಮೊದಲ ದಿನವೇ ನೂರುನ್ನಿಸಾ ಆರೂ ಹಾಸಿಗೆಗಳ ಮೇಲೆ ಹಾಗೆ ಅಂಗೈ ಸರಿಸಿ ನೋಡಿದಳಂತೆ. ಅದನ್ನು ಕಂಡು ನಕ್ಕವಳು ಲೂರ್ದೆಸ್.

ಕೇರ್ ಹೋಮ್ ಎಂದರೆ ದೊಡ್ಡ ಕಟ್ಟಡವಲ್ಲ. ಚರ್ಚಿನಿಂದ ಮೂರು ಬೀದಿ ಆಚೆ, ಗ್ಯಾರೇಜೂ ನಿಂಬೆ ಗಿಡವೂ ಇರುವ ಮಾಮೂಲಿ ಮನೆ. ಒಳಗೆ ಆರು ಜನ ವಯಸ್ಸಾದವರು. ಹಗಲು ನೋಡಿಕೊಳ್ಳಲು ಇಬ್ಬರು ಹೆಂಗಸರು. ಲೂರ್ದೆಸ್ ರೇಯೆಸ್ ಫಿಲಿಪ್ಪೀನ್ಸಿನವಳು, ನೂರುನ್ನಿಸಾಳಿಗಿಂತ ಹತ್ತು ವರ್ಷ ದೊಡ್ಡವಳು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದವಳು. ಅವರ ಭಾಷೆಯಲ್ಲಿ ಅಕ್ಕನಿಗೆ ‘ಆತೆ’ ಎನ್ನುತ್ತಾರೆ. ನೂರುನ್ನಿಸಾ ಹಾಗೇ ಕರೆಯುತ್ತಿದ್ದಳು.

ಏಳಲಾಗದವರನ್ನು, ಮೈ ಒತ್ತಿ ಹುಣ್ಣಾಗದಂತೆ, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು. ಹೊರಳಿಸಿದ ಮೇಲೆ ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಆ ಹೊತ್ತಿನ ಎದುರಿಗೆ, ಯಾರ ಪಾಲಿಗೆ ಆ ಕೋಣೆ ಬಂದಿದೆಯೋ ಅವರು ತಮ್ಮ ಹೆಸರಿನ ಎರಡು ಅಕ್ಷರ ಬರೆಯಬೇಕು. ಈ ನಿಯಮದೊಳಗೆ ಇಬ್ಬರೂ ಒಂದು ಸಣ್ಣ ಬಾಗಿಲು ಮಾಡಿಕೊಂಡಿದ್ದರು. ಶುಕ್ರವಾರ ಮಧ್ಯಾಹ್ನ ನೂರುನ್ನಿಸಾ ಮಸೀದಿಗೆ ಹೋಗುತ್ತಿದ್ದಳು. ವಿಜಯಪುರದಲ್ಲಿ ಅವಳ ಮನೆಯ ಹೆಂಗಸರು ಯಾರೂ ಮಸೀದಿಗೆ ಹೋದವರಲ್ಲ. ಇಲ್ಲಿ ಹೆಂಗಸರಿಗೂ ಒಂದು ಹಜಾರವಿದೆ ಎಂದು ತಿಳಿದದ್ದೇ ತಡ, ಅವಳಿಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ಅವಳು ಬರುವವರೆಗೆ ಲೂರ್ದೆಸ್ ಅವಳ ಕೋಣೆಯವರನ್ನು ಹೊರಳಿಸಿ ಹಾಳೆಯಲ್ಲಿ ‘ಎನ್ ಎನ್’ ಎಂದು ಬರೆಯುತ್ತಿದ್ದಳು. ಭಾನುವಾರ ಗಂಟೆ ಕೇಳಿದ ಕೂಡಲೇ ಲೂರ್ದೆಸ್ ಏಪ್ರನ್ ಬಿಚ್ಚುತ್ತಿದ್ದಳು. ಚರ್ಚಿನ ಎರಡು ಪೂಜೆಗೂ ಹಾಡಲು ಅವಳು ಬೇಕು. ಒಂದೂವರೆಗೆ ಹಿಂತಿರುಗುವಷ್ಟರಲ್ಲಿ ಹತ್ತರ ಎದುರಿಗೂ ಹನ್ನೆರಡರ ಎದುರಿಗೂ ನೂರುನ್ನಿಸಾಳ ಕೈಬರಹದಲ್ಲಿ ‘ಎಲ್ ಆರ್’ ಇರುತ್ತಿತ್ತು. ಐದು ವರ್ಷ ಹೀಗೇ ನಡೆಯಿತು.

ಲೂರ್ದೆಸ್‌ಳ ಪಾಲಿಗೆ ಬಂದಿದ್ದ ಕೋಣೆ ಶರಣವ್ವನದು. ಶರಣವ್ವ ಸಿಂದಗಿ ಕಡೆಯವಳು, ಎಂಬತ್ನಾಲ್ಕು ವರ್ಷದವಳು. ಸೊಂಟ ಮುರಿದಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ, ನೆನಪು ಆಗಾಗ ಜಾರುತ್ತಿತ್ತು, ಮಾತು ಮಾತ್ರ ಜಾರಿರಲಿಲ್ಲ.

“ನೂರವ್ವಾ, ಈ ಲೂರ್ದವ್ವ ಹೆಂಗಸೋ ಪೈಲವಾನೋ?” ಎಂದು ಕೇಳುತ್ತಿದ್ದಳು. “ಹಿಡದ್ಲಂದ್ರ ಜ್ವಾಳದ ಚೀಲ ಒಗದ್ಹಂಗ ಒಗೀತಾಳ.”

“ನಿಮ್ಮ ಒಳ್ಳೇದಕ್ಕ ಒಗೀತಾಳ್ರೀ ಯವ್ವಾ.”

“ಬ್ಯಾಡಂತ ಹೇಳು ಆಕಿಗೆ.”

“ಆಕಿಗೆ ಕನ್ನಡ ತಿಳಿಯಂಗಿಲ್ರಿ.”

“ತಿಳಿಯಂಗಿಲ್ಲ, ಅದಕ್ಕ ಜೋರು ಭಾಳ ಆಕೀದು!”

ಲೂರ್ದೆಸ್‌ಗೆ ತನ್ನ ಹೆಸರಷ್ಟೇ ಕೇಳಿಸುತ್ತಿತ್ತು. ಅವಳು ನಗುತ್ತ ಶರಣವ್ವನ ಕೆನ್ನೆ ಹಿಂಡಿ, “ಯೆಸ್ ಯೆಸ್, ಲೂರ್ದವ್ವ,” ಎನ್ನುತ್ತಲೇ ಮುದುಕಿಯನ್ನು ಮಗ್ಗುಲು ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟುಬಿಡುತ್ತಿದ್ದಳು.

ಐದನೆಯ ವರ್ಷದ ರಂಜಾನಿನಲ್ಲಿ ಶರಣವ್ವನ ನೋವು ಹೆಚ್ಚಾಯಿತು. ಮೊದಲ ಭಾನುವಾರ ಹತ್ತು ಗಂಟೆಗೆ ನೂರುನ್ನಿಸಾ ಹೊದಿಕೆ ಸರಿಸಿದಾಗ ಮುದುಕಿ ಅವಳ ಎರಡೂ ಮಣಿಕಟ್ಟು ಹಿಡಿದಳು.

“ಬ್ಯಾಡ ಯವ್ವಾ, ಹೊರಳಸಬ್ಯಾಡ. ನಿನಗರ ನನ್ನ ಮಾತು ತಿಳೀತೈತಿ. ಇವತ್ತೊಂದಿನ ಬಿಡು.”

ನೂರುನ್ನಿಸಾ ಬಿಟ್ಟಳು. ಹನ್ನೆರಡಕ್ಕೂ ಬಿಟ್ಟಳು. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಆ ಕೈಗಳನ್ನು ಹಿಡಿದುಕೊಂಡಳು; ಶರಣವ್ವ ಸಿಂದಗಿಯ ಬಾವಿಯೊಂದರ ನೀರು ಎಷ್ಟು ಸಿಹಿಯಿತ್ತೆಂದು ಹೇಳುತ್ತ ನಿದ್ದೆ ಹೋದಳು. ಹಾಳೆಯಲ್ಲಿ ಎರಡು ಸಲ ‘ಎಲ್ ಆರ್’ ಬಿತ್ತು. ಮುಂದಿನ ಭಾನುವಾರವೂ ಹಾಗೇ ಆಯಿತು, ಅದರ ಮುಂದಿನದೂ. ಭಾಷೆ ತಿಳಿಯದವಳು ಎಂದೂ ತಪ್ಪಿಸಲಿಲ್ಲ. ತಿಳಿದವಳಿಂದ ಆ ಕೈಗಳನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

ಹಬ್ಬ ಕಳೆದ ವಾರ ಸ್ನಾನ ಮಾಡಿಸುವಾಗ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಕಾಣಿಸಿತು. ಮೇಲೆ ಬಿಲ್ಲೆಯಷ್ಟು, ಒಳಗೆ ಆಳ. ಹತ್ತೊಂಬತ್ತನೆಯ ದಿನ ಆಸ್ಪತ್ರೆಯಲ್ಲಿ ಶರಣವ್ವ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳು ಏನೇನು ಹೇಳಿದಳೋ, ಅಲ್ಲಿ ಕೇಳಿ ತಿಳಿಯುವವರು ಯಾರೂ ಇರಲಿಲ್ಲ.

ಶರಣವ್ವನ ಮನೆಯವರು ದೂರು ಕೊಟ್ಟರು. ವಿಚಾರಣೆಗೆ ಬಂದವರು ಹಾಳೆಗಳನ್ನೂ ಎದುರು ಮನೆಯ ಕ್ಯಾಮರಾದ ಚಿತ್ರಗಳನ್ನೂ ಹೊಂದಿಸಿ ನೋಡಿದರು. ‘ಎಲ್ ಆರ್’ ಹೊರಳಿಸಿದ ಹೊತ್ತಿಗೆ ಮೊದಲೇ ಲೂರ್ದೆಸ್ ರೇಯೆಸ್ ಹಾಡಿನ ಪುಸ್ತಕ ಹಿಡಿದು ಬೀದಿ ದಾಟಿ ಹೋಗಿದ್ದಳು. ಅವಳನ್ನು ಕರೆದು ಕೇಳಿದರು. ಚರ್ಚಿಗೆ ಹೋಗಿದ್ದೆ, ಹೋಗುವ ಮುಂಚೆ ನಾನೇ ಅಕ್ಷರ ಬರೆದಿಟ್ಟಿದ್ದೆ, ಬೇರೆ ಯಾರಿಗೂ ಇದು ಗೊತ್ತಿಲ್ಲ ಎಂದು ಅವಳು ಹೇಳಿದಳು.

ಕೇರ್ ಹೋಮಿನ ಮಾಲೀಕ ಮಧುಕರ್ ಹಾಸನದವನು. ನೂರುನ್ನಿಸಾಳನ್ನು ಗ್ಯಾರೇಜಿಗೆ ಕರೆದು ಒಂದು ಪತ್ರ ಕೊಟ್ಟ.

“ಇಲ್ಲಿ ಒಂದು ಸೈನ್ ಮಾಡಿ ಮೇಡಂ. ನೀವು ನಿಮ್ಮ ರೂಮಲ್ಲಿ ಇದ್ರಿ, ಏನೂ ನೋಡ್ಲಿಲ್ಲ. ಅಷ್ಟೇ.”

“ಲೂರ್ದೆಸ್‌ಗೆ ಏನ್ ಮಾಡ್ತಾರ್ರೀ?”

“ಸರ್ಟಿಫಿಕೇಟು ಕ್ಯಾನ್ಸಲ್ ಆಗ್ಬಹುದು. ಹಿಯರಿಂಗ್ ಇರುತ್ತೆ, ಆಕೆ ಹೇಳ್ಕೋಬಹುದು.” ಅವನು ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. “ನಿಮ್ಮ ಸಿಟಿಜನ್‌ಶಿಪ್ ಇಂಟರ್ವ್ಯೂ ಯಾವಾಗ ಅಂದ್ರಿ?”

“ಬರೋ ತಿಂಗಳು.”

“ನೋಡಿ ಮತ್ತೆ. ಸುಳ್ಳು ರೆಕಾರ್ಡ್ ಬರ್ದಿದೀರಿ ಅಂತ ಫೈಲಲ್ಲಿ ಬಿದ್ರೆ ಎಲ್ಲಾ ಅಲ್ಲೇ ನಿಂತ್ಹೋಗುತ್ತೆ. ಮಗಳ ಮುಖ ನೋಡ್ಕೊಳ್ಳಿ.”

ಅವನ ದನಿಯಲ್ಲಿ ಗದರಿಕೆಯಿರಲಿಲ್ಲ. ನೂರುನ್ನಿಸಾ ಗ್ಯಾರೇಜಿನ ವಾಷಿಂಗ್ ಮಷೀನಿನ ಮೇಲೆ ಪತ್ರವಿಟ್ಟು ಸಹಿ ಮಾಡಿದಳು.

ಲೂರ್ದೆಸ್‌ಳನ್ನು ಕೆಲಸದಿಂದ ನಿಲ್ಲಿಸಿದರು. ಹಿಯರಿಂಗಿಗೆ ಐದು ದಿನ ಮೊದಲು, ಶನಿವಾರ, ಅವಳೇ ಫೋನ್ ಮಾಡಿದಳು. ಚರ್ಚಿನ ಹಾಲಿನಲ್ಲಿ ತಮ್ಮ ದೇಶದ ಸಿನಿಮಾ ಹಾಕುತ್ತಾರೆ, ಊಟವೂ ಇದೆ, ಬಾ ಎಂದಳು. ನೂರುನ್ನಿಸಾ ಹೋದಳು. ಅಂದು ಅವಳಿಗೆ ಎಲ್ಲವನ್ನೂ ಹೇಳಿ, ಗುರುವಾರ ಅವಳ ಜೊತೆ ಹೋಗಿ ಅಧಿಕಾರಿಯ ಮುಂದೆಯೂ ಹೇಳಬೇಕೆಂದು ಗಟ್ಟಿ ಮಾಡಿಕೊಂಡೇ ಹೋಗಿದ್ದಳು.

ಸ್ಪೇನಿನವರು ಆ ದೇಶವನ್ನು ಆಳುತ್ತಿದ್ದ ಕಾಲದ ಕಥೆ. ಅದೇ ಮಣ್ಣಿನಲ್ಲಿ ಹುಟ್ಟಿದ ಮೂವರು ಪಾದ್ರಿಗಳು. ಎಲ್ಲೋ ಒಂದು ಕೋಟೆಯಲ್ಲಿ ಸಿಪಾಯಿಗಳು ದಂಗೆಯೇಳುತ್ತಾರೆ, ಅದನ್ನು ಮಾಡಿಸಿದವರು ಈ ಪಾದ್ರಿಗಳೇ ಎಂದು ಸರ್ಕಾರ ಹಿಡಿದು ತರುತ್ತದೆ. ಕೆಳಗೆ ಇಂಗ್ಲಿಷಿನ ಸಾಲುಗಳು ಬೇಗ ಬೇಗ ಅಳಿಸಿಹೋಗುತ್ತಿದ್ದವು. ನೂರುನ್ನಿಸಾಳಿಗೆ ಅರ್ಧ ಓದಲಾಗಲಿಲ್ಲ. ಆದರೆ ಸಾಕ್ಷಿ ಹೇಳಲು ಒಬ್ಬನನ್ನು ಕರೆತಂದಾಗ ಅವಳಿಗೆ ಸಾಲುಗಳು ಬೇಕಾಗಲಿಲ್ಲ. ನಿನಗೆ ಮಾಫಿ ಕೊಡುತ್ತೇವೆ, ಇವರ ಹೆಸರು ಹೇಳು ಎಂದು ಅವನಿಗೆ ಮೊದಲೇ ಹೇಳಿದ್ದಾರೆ. ಅವನು ಪಾದ್ರಿಗಳನ್ನು ನೋಡದೆ ಮೇಜನ್ನು ನೋಡುತ್ತ ಮಾತಾಡಿದ. ಮೇಜಿನ ಮೇಲೆ ಒಂದು ಕಾಗದವಿತ್ತು, ಪಕ್ಕದಲ್ಲಿ ಲೇಖನಿ.

ಕೊಲ್ಲುವ ದಿನ ಬಂತು. ಇವರ ಪಾದ್ರಿಯ ಉಡುಪು ತೆಗೆಸಿ ಎಂದು ಸರ್ಕಾರ ಕೇಳಿದರೆ, ಇವರ ತಪ್ಪು ನನಗೆ ಕಂಡಿಲ್ಲ, ತೆಗೆಸುವುದಿಲ್ಲ ಎಂದು ಅವರ ದೊಡ್ಡ ಗುರು ಹೇಳಿದ. ಉಡುಪಿನಲ್ಲೇ ಕರೆತಂದರು. ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ ಹಿಂದಿನಿಂದ ತಿರುಪು ಬಿಗಿಯುವ ಕುರ್ಚಿ. ಮೊದಲು ಅದರ ಮೇಲೆ ಕೂರಿಸಿದ್ದು ಸಾಕ್ಷಿ ಹೇಳಿದವನನ್ನೇ. ಆಮೇಲೆ ಒಬ್ಬೊಬ್ಬರಾಗಿ ಅವರನ್ನು. ನಾನು ಮಾಡಿದ್ದಾದರೂ ಏನು ಎಂದು ಅವರಲ್ಲಿ ಚಿಕ್ಕವನು ಅತ್ತ. ಊರಿನ ಗಂಟೆಗಳೆಲ್ಲ ಹೊಡೆದುಕೊಂಡವು. ಹಾಲಿನಲ್ಲಿ ಕುಳಿತಿದ್ದ ಮುದುಕಿಯರು ಕುರ್ಚಿ ಬಿಟ್ಟು ನೆಲಕ್ಕೆ ಮಂಡಿಯೂರಿದರು, ಲೂರ್ದೆಸ್ ಕೂಡ. ನೂರುನ್ನಿಸಾ ಒಬ್ಬಳೇ ಕುರ್ಚಿಯ ಮೇಲೆ ಉಳಿದಳು.

ದೀಪ ಹಾಕಿದ ಮೇಲೆ ಲೂರ್ದೆಸ್ ಒಂದು ಡಬ್ಬಿ ತಂದುಕೊಟ್ಟಳು. “ನೋ ಪೋರ್ಕ್. ನಿನಗಂತ ಬೇರೆ ಬಾಣಲೆಯಲ್ಲಿ ಮಾಡಿದ್ದು, ನೂರ್. ಬಾಣಲೆಯೂ ಹೊಸದು,” ಎಂದಳು ತನ್ನ ಇಂಗ್ಲಿಷಿನಲ್ಲಿ.

“ಆತೆ, ನಿಮ್ಮ ಹತ್ರ ಒಂದು ಮಾತು.”

“ಹಿಯರಿಂಗ್ ವಿಷಯ ಬೇಡ. ನಿನ್ನ ಹೆಸರು ನನ್ನ ಬಾಯಲ್ಲಿ ಬರೋದಿಲ್ಲ.” ಅವಳು ಶಾವಿಗೆಯ ಮೇಲೆ ನಿಂಬೆಹಣ್ಣು ಹಿಂಡಿದಳು. “ನೀನು ಆಕೆಯನ್ನ ಸರಿಯಾಗಿ ಹೊರಳಿಸಿದ್ದೀಯ, ಅದು ನನಗೆ ಗೊತ್ತು. ನಾನಿಲ್ಲದಿದ್ದರೂ ಕೆಲಸ ತಪ್ಪಿಲ್ಲ. ದೇವರ ಮುಂದೆ ನಿಂತಾಗ ನನಗೆ ಅಷ್ಟು ಸಾಕು. ತಿನ್ನು, ಆರಿಹೋಗುತ್ತೆ.”

ನೂರುನ್ನಿಸಾ ತಿಂದಳು.

ಗುರುವಾರ ಓಕ್ಲೆಂಡಿನಲ್ಲಿ ಹಿಯರಿಂಗ್ ನಡೆಯಿತು. ನೂರುನ್ನಿಸಾ ಬಾರ್ಟ್ ರೈಲು ಹತ್ತಿ ಅಲ್ಲಿಯವರೆಗೂ ಹೋಗಿ, ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತು, ಎದುರಿನ ರೈಲಿನಲ್ಲಿ ಹಿಂತಿರುಗಿದಳು. ಲೂರ್ದೆಸ್‌ಳ ಸರ್ಟಿಫಿಕೇಟು ರದ್ದಾಯಿತು. ಇನ್ನು ಯಾವ ಮನೆಯಲ್ಲೂ ಯಾರನ್ನೂ ಅವಳು ಮುಟ್ಟುವಂತಿಲ್ಲ. ಮರುವಾರದ ಇಂಟರ್ವ್ಯೂ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಎಂದಾದರೂ ಅಧಿಕಾರಿಗಳಿಗೆ ಸುಳ್ಳು ಹೇಳಿದ್ದೀರಾ ಎಂಬ ಪ್ರಶ್ನೆಗೆ ನೂರುನ್ನಿಸಾ ಇಲ್ಲ ಎಂದಳು.

ನೂರುನ್ನಿಸಾ ಈಗ ಭಾನುವಾರ ಕೆಲಸಕ್ಕೆ ಹೋಗುವುದಿಲ್ಲ. ಕಳೆದ ಭಾನುವಾರ ಅವಳು ಕಿಟಕಿ ಮುಚ್ಚಲು ಎದ್ದಾಗ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಲೂರ್ದೆಸ್ ನಿಂತಿದ್ದಳು. ಸ್ಟಾಕ್ಟನ್ನಿನ ತಂಗಿಯ ಮನೆಗೆ ಪೂರ್ತಿಯಾಗಿ ಹೊರಟಿದ್ದಳು. ಕೆಳಗೆ ನಿಲ್ಲಿಸಿದ್ದ ಕಾರಿನ ಹಿಂದಿನ ಸೀಟು ಬಟ್ಟೆಯ ಚೀಲಗಳಿಂದ ತುಂಬಿತ್ತು. ಕೆಲಸದ ಮನೆಯ ಕಪಾಟಿನಲ್ಲಿ ತನ್ನ ಸಾಮಾನಿನ ಜೊತೆ ಸೇರಿಹೋಗಿದ್ದ ನೂರುನ್ನಿಸಾಳ ನಮಾಜಿನ ದುಪಟ್ಟಾವನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ತಂದಿದ್ದಳು.

“ಸಿಟಿಜನ್ ಆದೆಯಂತೆ! ಈಗ ನಿನಗೆ ಸಲಾಂ ಹೊಡೀಬೇಕಾ?” ಎಂದು ನಕ್ಕಳು.

“ಒಳಗೆ ಬನ್ನಿ ಆತೆ.”

“ಇಲ್ಲ, ಇಲ್ಲಿ ಕೊನೆಯ ಪೂಜೆ, ಹಾಡಿ ಹಾಗೇ ಹೋಗ್ತೀನಿ.” ಅಷ್ಟರಲ್ಲಿ ಗಂಟೆ ಶುರುವಾಯಿತು. ಕಿಟಕಿ ತೆರೆದೇ ಇತ್ತು. ಲೂರ್ದೆಸ್ ಅಭ್ಯಾಸಬಲದಿಂದ ಸೊಂಟದ ಹಿಂದೆ ಕೈ ಒಯ್ದಳು, ಇಲ್ಲದ ಏಪ್ರನ್ನಿನ ಗಂಟು ಬಿಚ್ಚುವವಳಂತೆ. ನಂತರ ಆ ಕೈಯನ್ನೇ ನೂರುನ್ನಿಸಾಳ ಭುಜದ ಮೇಲಿಟ್ಟಳು. “ಹತ್ತಕ್ಕೆ ಒಂದು, ಹನ್ನೆರಡಕ್ಕೆ ಒಂದು. ಐದು ವರ್ಷದಲ್ಲಿ ಒಂದು ಸಲವೂ ತಪ್ಪಿಸದ ನಿನ್ನಂಥವಳು ನನಗೆ ಇನ್ನೆಲ್ಲಿ ಸಿಗ್ತಾಳೆ, ಹೇಳು?”

ನೂರುನ್ನಿಸಾ ದುಪಟ್ಟಾವನ್ನು ಎದೆಗೆ ಒತ್ತಿ ಹಿಡಿದಳು. ಏಳನೆಯ ಪೆಟ್ಟಿನ ಹಿಂದೆ ಆ ಗರಗರ ಕೇಳಿಸಿತು.

“ಆತೆ, ಆ ಭಾನುವಾರ ಶರಣವ್ವ ನನ್ನ ಕೈ ಹಿಡಕೊಂಡು ಬ್ಯಾಡಂದ್ಲು. ಅದಕ್ಕ ನಾನು ಆಕೀನ್ನ...” ಎನ್ನುತ್ತಲೇ, ತಾನು ಮಾತಾಡುತ್ತಿರುವುದು ಕನ್ನಡದಲ್ಲಿ ಎಂಬುದು ಅರಿವಾಗಿಯೋ ಆಗದೆಯೋ, ಅವಳು ಲೂರ್ದೆಸ್‌ಳನ್ನು ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಮೆಟ್ಟಿಲಿಳಿದು, ಪಾರ್ಕಿಂಗ್ ಲಾಟಿನ ಬಿಸಿ ಡಾಂಬರಿನ ಮೇಲೆ ಚರ್ಚಿಗೆ ಬೆನ್ನು ಮಾಡಿ ನಡೆಯುತ್ತ, ತುಟಿ ಇನ್ನೂ ಅಲುಗುತ್ತಿರುವಾಗಲೇ ಬೀದಿಯ ತಿರುವು ದಾಟಿದಳು.