ಗಿಂಕಾ ಓದಿದ ಕೊನೆಯ ಹಾಳೆ

ದಾನ್ಯೂಬ್ ದಂಡೆಯ ಲೋಮ್ ಪಟ್ಟಣದಲ್ಲಿ ಗಿಂಕಾ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮೆಣಸಿನಕಾಯಿ ಗಿಂಕಾ ಎನ್ನಬೇಕು. ತರಕಾರಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸುಟ್ಟ ದೊಣ್ಣೆ ಮೆಣಸಿನಕಾಯಿಯ ಸಿಪ್ಪೆ ಸುಲಿದವಳು. ಓದಿದ್ದು ಏಳನೆಯ ತರಗತಿ. ಆಸೆ ಮಾತ್ರ ನಕ್ಷತ್ರಲೋಕದ್ದು.

ಅವಳ ಬೀದಿಯಲ್ಲಿ ಐವರ ಒಂದು ಓದಿನ ಸರದಿಯಿತ್ತು. ಆಗೆಲ್ಲ ಅಂತರಿಕ್ಷದ ಕಥೆಯೋ ಮಾಟಗಾತಿಯರ ಕಥೆಯೋ ಅಂಗಡಿಗೆ ಬಂದರೆ ಮಧ್ಯಾಹ್ನದೊಳಗೆ ಖಾಲಿ. ಔಷಧಿ ಅಂಗಡಿಯಿಂದ ನಿವೃತ್ತರಾದ ಮೆತೋದಿ ಹೇಗೋ ಒಂದು ಪ್ರತಿ ಗಿಟ್ಟಿಸುತ್ತಿದ್ದರು. ಬೇಸಿಗೆಯಿಡೀ ಅದೊಂದೇ ಪುಸ್ತಕ ಮನೆಯಿಂದ ಮನೆಗೆ ಹೋಗುತ್ತಿತ್ತು. ಕಥೆಯನ್ನು ಮುಂಚೆಯೇ ಬಾಯಿಬಿಟ್ಟವರು, ಹಾಳೆ ಕೆಡಿಸಿದವರು ಸರದಿಯಿಂದ ಶಾಶ್ವತವಾಗಿ ಹೊರಗೆ. ಆಗಸ್ಟಿನ ಕೊನೆಯ ಭಾನುವಾರ ಎಲ್ಲರೂ ಮೆತೋದಿಯವರ ದ್ರಾಕ್ಷಿ ಚಪ್ಪರದಡಿ ಸೇರಬೇಕು, ಸರದಿಯ ಕೊನೆಯವರು ಕೊನೆಯ ಹಾಳೆಯನ್ನು ಗಟ್ಟಿಯಾಗಿ ಓದಬೇಕು. ಇದು ಪದ್ಧತಿ.

ನನ್ನನ್ನೂ ಸೇರಿಸಿಕೊಳ್ಳಿ ಎಂದು ಗಿಂಕಾ ಒಂಬತ್ತು ಬೇಸಿಗೆ ಗೋಗರೆದಿದ್ದಳು. ಪ್ರತಿ ಸಲವೂ ಸರದಿಯಲ್ಲೇ ಇದ್ದ ಅವಳ ನಾದಿನಿ, ದರ್ಜಿ ಸ್ಟೊಯ್ನಾ, ಮೂಗು ಮುರಿಯುತ್ತಿದ್ದಳು. "ಮೆಣಸಿನಕಾಯಿ ಸುಲಿಯೋಳಿಗೆ ನಕ್ಷತ್ರ ಯಾಕಮ್ಮ? ಹಾಳೆಗೆಲ್ಲ ಎಣ್ಣೆ ಮೆತ್ತುತ್ತಾಳೆ ಅಷ್ಟೇ." ಈ ಸಲ ಐವರಲ್ಲಿ ಒಬ್ಬರು ರಾಜಧಾನಿ ಸೋಫಿಯಾಕ್ಕೆ ಮನೆ ಬದಲಿಸಿದ್ದರಿಂದ ಜಾಗ ಖಾಲಿಯಾಯಿತು. ಮೆತೋದಿ ಒಪ್ಪಿದರು, ಆದರೆ ಎಲ್ಲರಿಗಿಂತ ಕೊನೆಗೆ.

ಪುಸ್ತಕ ಕೈಗೆ ಬಂದಾಗ ಗಿಂಕಾ ಸೋಪಿನಲ್ಲಿ ಮೂರು ಸಲ ಕೈ ತೊಳೆದಳು. ಹಸುಗೂಸನ್ನು ಮನೆಯಲ್ಲಿ ಬಿಟ್ಟು ನಕ್ಷತ್ರಗಳಾಚೆ ಹೋದ ಹಡಗಿನ ಒಡತಿಯ ಕಥೆ ಅದು. ಒಡತಿಗೆ ಕಳೆದದ್ದು ಐದು ವರ್ಷ, ಭೂಮಿಯಲ್ಲಿ ಅರವತ್ತು. ಒಲೆಯ ಮೇಲೆ ಸಾರು ಸೀದರೂ ಗಿಂಕಾ ತಲೆಯೆತ್ತಲಿಲ್ಲ. ಹಡಗು ಇಳಿಯಿತು, ಬಾಗಿಲು ತೆರೆಯಿತು, ಹೊರಗೆ ಯಾರೋ ನಿಂತಿದ್ದರು. ಪುಟ ತಿರುವಿದರೆ ಬರೀ ರಟ್ಟು. ಕೊನೆಯ ಹಾಳೆಯೇ ಇಲ್ಲ.

ಅವಳು ಹರಿದಿರಲಿಲ್ಲ, ದೇವರಾಣೆ. ಆದರೆ ನಂಬುವವರು ಯಾರು? ಔಷಧಿ ಅಂಗಡಿಯವರನ್ನು, ಸರದಿಯಲ್ಲಿದ್ದ ಸೂಲಗಿತ್ತಿ ರೈನಾಳನ್ನು, ರೈಲ್ವೆಯ ವೆಲ್ಕೋನನ್ನು ಬಿಟ್ಟು ಮೊದಲು ಅನುಮಾನ ಬೀಳುವುದು ಮೆಣಸಿನಕಾಯಿಯವಳ ಮೇಲೆಯೇ. ಒಂಬತ್ತು ವರ್ಷ ಕಾದು ಸಿಕ್ಕ ಜಾಗ ಹೋಯಿತೆಂದು ಗಿಂಕಾ ಕೂತು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಆಗಿದ್ದಾಗಲಿ ಎಂದು ಭಾನುವಾರ ಚಪ್ಪರಕ್ಕೆ ನಡೆದಳು.

ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬರೀ ರಟ್ಟನ್ನು ನೋಡುತ್ತ ಓದತೊಡಗಿದಳು. ಹೊರಗೆ ನಿಂತಿದ್ದವಳು ಮಗಳು, ಈಗ ತಾಯಿಗಿಂತ ಮುದುಕಿ. ಯಾಕೆ ಬಿಟ್ಟುಹೋದೆ ಎಂದು ಅವಳು ಕೇಳಲಿಲ್ಲ. "ಹಸಿದಿದ್ದೀಯೇನಮ್ಮ?" ಎಂದಳು. ಒಳಗೆ ಕರೆದು ಬಿಸಿ ಹುರುಳಿಕಾಯಿ ಸಾರು ಬಡಿಸಿದಳು.

ಮೆತೋದಿ, ಇನ್ನೊಂದು ಸಲ ಓದು ಎಂದರು. ಗಿಂಕಾಳಿಗೆ ಮೊದಲು ಏನು ಹೇಳಿದ್ದಳೋ ಅರ್ಧ ಮರೆತಿತ್ತು. ಎರಡನೆಯ ಸಲ ಸಾರು ಹೋಗಿ ಚೀಸಿನ ಕಡುಬು ಬಂತು, ಮಗಳ ಮಂಡಿನೋವೂ ಸೇರಿಕೊಂಡಿತು.

ಒಬ್ಬರೂ ತಪ್ಪು ಹಿಡಿಯಲಿಲ್ಲ. ರೈನಾ ಚಪ್ಪರದ ಗೊಂಚಲು ಎಣಿಸುತ್ತಿದ್ದಳು. ವೆಲ್ಕೋ ತನ್ನ ಬೂಟು ನೋಡುತ್ತಿದ್ದ. ಮೆತೋದಿಯವರ ಕಿವಿ ಟೊಮೇಟೊ ಬಣ್ಣಕ್ಕೆ ತಿರುಗಿತ್ತು. ಸಾರಿಗೆ ಒಂದು ಹರಳು ಉಪ್ಪು ಕಡಿಮೆಯಾದರೆ ಊರಿಗೆಲ್ಲ ಸಾರುವ ಸ್ಟೊಯ್ನಾ ಕೂಡ ತುಟಿ ಪಿಟಕ್ಕೆನ್ನಲಿಲ್ಲ. ಗಿಂಕಾಳಿಗೆ ಆಗ ಹೊಳೆಯಿತು. ಆ ಹಾಳೆಯನ್ನು ಇವರಲ್ಲಿ ಒಬ್ಬರೂ ಓದಿಲ್ಲ! ಮೊದಲ ಮನೆಯಾದ ಮೆತೋದಿಯವರಲ್ಲೇ, ಅವರು ಕೊನೆ ಮುಟ್ಟುವ ಮುಂಚೆಯೇ ಅದು ಹಾಳಾಗಿದೆ, ಉಳಿದವರೆಲ್ಲ ತಪ್ಪು ತಮ್ಮ ತಲೆಗೆ ಬಂದೀತೆಂದು ಬಾಯಿಗೆ ಬೀಗ ಹಾಕಿಕೊಂಡು ದಾಟಿಸಿದ್ದಾರೆ. ಕಳ್ಳನ ಮನಸ್ಸು ಹುಳ್ಳ ಹುಳ್ಳಗೆ ಎಂದರೆ ಇದೇ.

ಮೆತೋದಿ ಯಾರ ಮುಖವನ್ನೂ ನೋಡದೆ, "ಮುಂದಿನ ಬೇಸಿಗೆ ಮೊದಲ ಸರದಿ ನಿನ್ನದೇ, ಗಿಂಕಾ" ಎಂದರು.

ಸ್ಟೊಯ್ನಾ ತನ್ನ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಬೇಡ ಕಣಣ್ಣ. ಅವಳು ಕೊನೇಲೇ ಇರ್ಲಿ. ಪುಸ್ತಕದಲ್ಲಿ ಹಾಳೆ ಇದ್ರೂ ಸರಿ, ಕೊನೇದನ್ನ ಇವಳ ಬಾಯಲ್ಲೇ ಕೇಳೋಣ."