ಕಾರಿಗೊಂದು ಹೊಸ ಹಗ್ಗ

ಮೊನ್ನೆ ಬೆಳಗಾವಿಯಿಂದ ಬಂದಿದ್ದ ಗೃಹಸ್ಥರೊಬ್ಬರು ನಮ್ಮ ದನದ ಕೊಟ್ಟಿಗೆಗೆ ಹೋಗಿ ಕಾರಿಗೆ ಹೊದಿಸಿದ್ದ ತಾಡಪತ್ರಿಯ ಒಂದು ತುದಿ ಎತ್ತಿದರು. ಹಳೆಯ ರೆಕ್ಸಿನ್, ಪೆಟ್ರೋಲು, ಎಮ್ಮೆಯ ಸಗಣಿ ಮೂರೂ ಕೂಡಿದ ವಾಸನೆಯೊಂದು ಹೊರಗೆ ಬಂತು. ಅವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಎದೆ ತುಂಬ ಉಸಿರೆಳೆದುಕೊಂಡೆ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಬಂದವರು ಕಿಟಕಿ ತೆರೆಯಿರಿ ಎನ್ನುತ್ತಾರೆ, ಮನೆಯವರಿಗೆ ಯಾಕೆಂದೇ ತಿಳಿಯುವುದಿಲ್ಲ.

"ಗಾಡಿ ಛಲೋ ಐತ್ರೀ. ಆದರ ಇದರ ಹಿಸ್ಟರಿ ಏನು?" ಎಂದರು.

ಹಳೆಯ ಕಾರು ಕೊಳ್ಳಹೋದವನ ಮನಸ್ಸು ನನಗೆ ಗೊತ್ತು. ಆದ್ದರಿಂದ ಖುರ್ಚಿ ಹಾಕಿಸಿ, ಚಹಾಕ್ಕೆ ಹೇಳಿ, ಮೊದಲಿನಿಂದ ಶುರುಮಾಡಿದೆ. ಬನ್ನಿ, ನೀವೂ ಕೂತುಕೊಳ್ಳಿ.

ಆಲಮಟ್ಟಿಯ ಹಿನ್ನೀರು ನಮ್ಮ ಊರೊಳಗೆ ಬಂದು ಕೂತ ಮೇಲೆ ನಾವು ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆ ಕಟ್ಟಿದೆವು. ನಾನು ಆಗ ಜಮಖಂಡಿಯ ಒಂದು ಕಚೇರಿಯಲ್ಲಿ ನೌಕರಿಗಿದ್ದೆ. ಹೊಲ ನೀರಿನಡಿ ಹೋಗಿತ್ತು. ಎತ್ತುಗಳನ್ನು ಸಾವಳಗಿಯ ಬೀಗರ ಮನೆಗೆ ಹೊಡೆದದ್ದಾಗಿತ್ತು. ಆದರೂ ನನ್ನನ್ನು ಸಾಕಿ ಬೆಳೆಸಿದ ಕಾಕಾ, ಅಂದರೆ ಅಪ್ಪನ ತಮ್ಮ, ಎಲ್ಲಕ್ಕಿಂತ ಮೊದಲು ಕಟ್ಟಿಸಿದ್ದು ಕೊಟ್ಟಿಗೆ! ಅಡುಗೆಮನೆಗೆ ಕಿಟಕಿ ಇಡುವುದನ್ನೇ ಮರೆತ ಗೌಂಡಿಯ ಕೈಯಿಂದ, ದನಕ್ಕೆ ಮೇವು ಹಾಕುವ ಗೋದಲಿಯನ್ನು ಮಾತ್ರ ಒಡೆಸಿ ಮತ್ತೆ ಕಟ್ಟಿಸಿದರು. ದಿನಾ ಅದನ್ನು ಗುಡಿಸುವರು, ಅದರ ದಂಡೆಯ ಮೇಲೆ ಕೂತು ಎಲೆಅಡಿಕೆ ಹಾಕುವರು. "ದನಾ ಇಲ್ಲದ ಗೋದಲಿ ಯಾಕ ಗುಡಸ್ತಿ ಕಾಕಾ?" ಎಂದರೆ ಇನ್ನೊಂದು ಸಲ ಗುಡಿಸುವರು. ಹೊಸ ಊರಿಗೆ ಬಂದ ಮೇಲೆ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಹಿನ್ನೀರಿನ ಕಡೆ ಮುಖ ಹಾಕಿಯೂ ಇರಲಿಲ್ಲ.

ನನ್ನ ಕಣ್ಣೋ ಆ ಖಾಲಿ ಕೊಟ್ಟಿಗೆಯ ಮೇಲೆಯೇ. ಯಾಕೆಂದರೆ ಬನಹಟ್ಟಿಯ ಸೀರೆ ವ್ಯಾಪಾರಿ ಚನ್ನಪ್ಪ ಸಾವಕಾರರ ಗೋದಾಮಿನಲ್ಲಿ, ನೂಲಿನ ಗಂಟುಗಳ ಹಿಂದೆ, ನಾನೊಂದು ಕೆಂಪು ಕಾರು ನೋಡಿ ಬಂದಿದ್ದೆ. ವಿಲಾಯತಿಯದು. ಉದ್ದ ಮೂತಿ, ತಲೆಯ ಮೇಲೆ ಚಾವಣಿಯಿಲ್ಲ, ಎರಡೇ ಸೀಟು, ಕೂತರೆ ನೆಲಕ್ಕೆ ಕೂತಂತೆ. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಮುಂದೆ ಓಡುವಾಗಲೂ ನಿಂತ ಹಾಗೆ ಕಾಣಲಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಇಂಥ ಕಾರಿನಲ್ಲಿ ಕಚೇರಿಗೆ ಹೋಗಿ ಇಳಿಯುವ ನನ್ನನ್ನು ನಾನೇ ಕಲ್ಪಿಸಿಕೊಂಡು, ಕನ್ನಡಿಯ ಮುಂದೆ ತಲೆ ಬಾಚುವ ರೀತಿಯನ್ನು ಕೂಡ ಬದಲಿಸಿದ್ದೆ.

ಆದರೆ ಕಾಕಾ ಹೂಂ ಎನ್ನದೆ ಮನೆಯೊಳಗೆ ಒಂದು ಕೋಳಿಯೂ ಬರುವಂತಿರಲಿಲ್ಲ.

"ಎಲ್ಲಿ ಕಟ್ಟಾಂವ ಅದನ್ನ?" ಎಂದು ಕೇಳಿದರು.

"ಕೊಟ್ಟಿಗ್ಯಾಗ."

ಕಾಕಾ ಗೋದಲಿಯ ಕಡೆ ನೋಡಿದರು. "ಮೊದಲ ಯಾರ ಮನ್ಯಾಗಿತ್ತು ಅನ್ನೂದು ತಿಳೀಲಿ. ಹಿಂದು ಮುಂದು ಗೊತ್ತಿಲ್ಲದ್ದನ್ನ ನಾ ಆ ಜಾಗಾದಾಗ ಕಟ್ಟಸಂಗಿಲ್ಲ" ಎಂದರು.

ಇಬ್ಬರೂ ಬನಹಟ್ಟಿಗೆ ಹೋದೆವು. ಸಾವಕಾರರು ಗಾದಿಯ ಮೇಲಿಂದ ಏಳದೆಯೇ ಕಾರಿನ ವಂಶಾವಳಿ ಬಿಚ್ಚಿದರು. "ರಾಜಮಹಾರಾಜರ ಗಾಡಿ ಇದು. ಹುಲಿ ಹೊಡದು ಇದರಾಗನ ಹಾಕ್ಕೊಂಡ ಬರತಿದ್ರು."

ಕಾಕಾ ಕಾರಿನ ಸುತ್ತ ಒಂದು ಸುತ್ತು ಬಂದರು. ಎತ್ತಿನ ಸುಳಿ ನೋಡುವಂತೆ ಬಾನೆಟ್ಟಿನ ಮೇಲೆ ಕೈಯಾಡಿಸಿದರು. "ಸಾವಕಾರ್ರ, ಎರಡ ಮಂದಿ ಕೂಡೂ ಗಾಡ್ಯಾಗ ಡ್ರೈವರ ಒಬ್ಬಾಂವ, ರಾಜಾ ಒಬ್ಬಾಂವ. ಹುಲಿ ಏನ್ ಬಸ್ಸಿಗೆ ಬರತಿತ್ತೇನ್ರೀ?"

ಸಾವಕಾರರು ಕೆಮ್ಮಿದರು. "ಹಂಗಲ್ರೀ ಯಜಮಾನ್ರ, ಮನಿಗೆ ಒಯ್ದು ನೋಡ್ರಿ. ಮನಸಿಗೆ ಬರಲಿಲ್ಲಂದ್ರ ತಂದು ಬಿಡ್ರಿ. ಬೇಕಂದ್ರ ಹಗ್ಗಾನೂ ಜೋಡೀನ ಕೊಡತೀನಿ."

ಕಾರಿನ ಜೊತೆ ಹಗ್ಗ ಯಾಕೆ ಎಂದು ನಾನು ಯೋಚಿಸಲೇ ಇಲ್ಲ ನೋಡಿ! ಕಾಕಾ ಮಾತ್ರ ಕೈ ಅಡ್ಡ ಹಿಡಿದರು. ನಮ್ಮ ಮನೆಯಲ್ಲೊಂದು ಪದ್ಧತಿ. ಎತ್ತು ಕೊಂಡರೆ ಮಾರಿದವನ ಹಗ್ಗ ತರಬಾರದು. ಹಗ್ಗ ಅವನ ಮನೆಯಲ್ಲಿಯೇ ಉಳಿಯಬೇಕು. ಕೊಂಡವನು ತನ್ನ ಹೊಸ ಹಗ್ಗದಲ್ಲಿ ಹೊಡೆದುಕೊಂಡು ಬರಬೇಕು. ಕಾಕಾ ಬಜಾರಕ್ಕೆ ಹೋಗಿ ಹೊಸ ಹಗ್ಗ ತಂದು, ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ರಾಜನ ಸೀಟಿನಲ್ಲಿ ಕೂತರು.

ಮುಧೋಳದವರೆಗೆ ಕಾರು ಚೆನ್ನಾಗಿಯೇ ಬಂತು. ಪೇಟೆಯೊಳಗೆ ಒಂದು ಓಣಿಯ ಮುಂದೆ, ಯಾರೋ ಹೇಳಿದಂತೆ, ನಿಂತುಬಿಟ್ಟಿತು. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಎದ್ದು ನಿಂತು ಎರಡೂ ಕೈ ಮುಗಿದರು. ನನ್ನ ಎದೆ ಉಬ್ಬಿತು. "ನೋಡ ಕಾಕಾ, ರಾಜರ ಗಾಡಿ ಗುರ್ತು ಹಿಡದ್ರು" ಎಂದೆ. ಮುದುಕರು ಹತ್ತಿರ ಬಂದು ಬೊಚ್ಚುಬಾಯಿ ತೆರೆದು ನಕ್ಕರು. "ನಮ್ಮ ಹಲ್ಲಿನ ಡಾಕ್ಟರ ಗಾಡಿ ಅಲ್ಲೇನ್ರೀ ಇದು? ಇವನ್ನೆಲ್ಲಾ ಅವರ ಕಿತ್ತಿದ್ದು! ದಿನಾ ಇಲ್ಲೇ ನಿಂದರಸ್ತಿದ್ರು."

ಲೋಕಾಪುರದಲ್ಲಿ ನಿಂತದ್ದು ಒಂದು ಚಹಾದಂಗಡಿಯ ಮುಂದೆ. ಅಂಗಡಿಯವನು ಚಹಾ ಸೋಸುವ ಜಾಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. "ಅಯ್ಯ, ನಮ್ಮ ನಾಟಕ ಕಂಪನಿ ಕಾರು! ಹೀರೋ ಇದರಾಗ ಕುಂತು ಸ್ಟೇಜಿಗೆ ಬರತಿದ್ದಾ. ಚಾಲೂ ಆಗತಿದ್ದಿಲ್ಲಂತ ವಿಲನ್ ಹಿಂದಿಂದ ದಬ್ಬತಿದ್ದಾ!" ಅವನು ನಗುತ್ತ ನಗುತ್ತ ದಬ್ಬಿಯೂ ಕೊಟ್ಟ, ಚಹಾವನ್ನೂ ಕೊಟ್ಟ.

ಮತ್ತೆ ಹೊರಟಾಗ ನನ್ನ ಮುಖ ಸಣ್ಣದಾಗಿತ್ತು, ಕಾಕಾನ ಮುಖ ಯಾಕೋ ಅರಳುತ್ತಿತ್ತು. "ಲೇ ತಮ್ಮಾ, ಇದು ಕೆಟ್ಟು ನಿಂದರಾಕತ್ತಿಲ್ಲ. ಹಳೇ ಮನಿ ಗುರ್ತು ಹಿಡ್ಯಾಕತ್ತೇತಿ. ಎತ್ತೂ ಹಂಗ ಮಾಡತಾವ" ಎಂದರು.

ಬಾಡಗಂಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ತಾನೇ ನಿಲ್ಲಿಸಿ ಇಳಿದ. ಅವನು ಮದುಮಗನಾಗಿ ಮೆರೆದದ್ದು ಇದೇ ಕಾರಿನಲ್ಲಂತೆ. "ಮಾವನ ಮನಿ ಮುಂದ ನಿಂತಬಿಡ್ತ್ರೀ. ಬೀಗರೆಲ್ಲಾ ದಬ್ಬಿದ್ರು. ಇವತ್ತಿಗೂ ನನ್ನ ಸಂಸಾರ ಅವರ ದಬ್ಬಾಕತ್ತಾರ! ನೀವು ಮುಂದ ನಡೀರಿ, ಕಬ್ಬು ಇಳಿಸಿ ಹಿಂದ ಬರತೀನಿ. ನಾ ಬೇಕಾಗತೀನಿ ನಿಮಗ."

ಊರು ಸಮೀಪಿಸಿದಾಗ ಕಾಕಾ ಇದ್ದಕ್ಕಿದ್ದಂತೆ "ಹಳೇ ಹಾದಿಗೆ ಹೊಳ್ಳಸು" ಎಂದರು. ಆ ಡಾಂಬರು ರಸ್ತೆ ಜಾಲಿಕಂಟಿಗಳ ನಡುವೆ ಇಳಿದು ನೇರ ನೀರೊಳಗೆ ಹೋಗುತ್ತದೆ. ನೀರಿನ ಅಂಚಿಗೆ ಬಂದಾಗ ಕಾರು ಒಮ್ಮೆ ನಡುಗಿ ನಿಂತುಹೋಯಿತು.

ನನಗೆ ಸಾಕಾಗಿತ್ತು. "ಬ್ಯಾಡ ಕಾಕಾ, ನಾಳೆ ತಿರುಗಿ ಕೊಟ್ಟಬಿಡೂಣು. ಸಾವಕಾರ ರಾಜರ ಗಾಡಿ ಅಂದಿದ್ದಾ, ಒಂದೂ ಖರೆ ಇಲ್ಲ."

ಕಾಕಾ ಇಳಿಯಲಿಲ್ಲ. ನೀರನ್ನೇ ನೋಡುತ್ತ ಕೂತಿದ್ದರು. ಅಲ್ಲಿ ಎಲ್ಲೋ ಕೆಳಗೆ ಹಳೆಯ ಊರಿನ ಅಗಸಿಬಾಗಿಲು, ಅದರಾಚೆ ನಮ್ಮ ಮನೆ, ಮನೆಯ ಎಡಕ್ಕೆ ಹಳೆಯ ಕೊಟ್ಟಿಗೆ. ಆಮೇಲೆ ಕಾರಿನ ಬಾಗಿಲನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದರು.

"ಇದಕೂ ಗೊತ್ತಾತ ನೋಡಲೇ, ಊರ ಬಂತಂತ" ಎಂದವರೇ ನಕ್ಕುಬಿಟ್ಟರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

ನಗು ನಿಂತ ಮೇಲೆ ಹೇಳಿದರು: "ಹಾದಿಗುಂಟ ಇದರ ಗುರ್ತಿನವರು ಒಬ್ಬರರ ಬೈಕೋತ ಬಂದ್ರೇನು? ಎಲ್ಲಾರೂ ನಕ್ಕೋತನ ಬಂದ್ರು. ಇಷ್ಟ ಮನಿ ತಿರಗೇತಿ, ಎಲ್ಲ್ಯೂ ಕೆಟ್ಟ ಹೆಸರ ತಗೊಂಡಿಲ್ಲ. ಎತ್ತಿನ್ಯಾಗೂ ನಾ ಇದಕ್ಕಿಂತ ಹೆಚ್ಚ ನೋಡತಿದ್ದಿಲ್ಲ. ಕಟ್ಟೂಣು ನಡಿ."

ಕಬ್ಬಿನ ಟ್ರ್ಯಾಕ್ಟರಿನವನು ಮಾತಿಗೆ ತಪ್ಪದೆ ಬಂದ. ಹೊಸ ಹಗ್ಗದಿಂದ ಎಳೆಸಿಕೊಂಡೇ ಕಾರು ನಮ್ಮ ಮನೆಗೆ ಬಂತು. ಕಾಕಾ ನಾಲ್ಕೂ ಗಾಲಿಗೆ ನೀರು ಹಾಕಿ, ಅರಿಸಿನ ಕುಂಕುಮ ಹಚ್ಚಿ, ಗೋದಲಿಗೆ ಮೂತಿ ಮಾಡಿ ನಿಲ್ಲಿಸಿದರು. ಕಾರು ಒಂದೇ ಆದರೆ ಬೇಸರವಾದೀತೆಂದು ಆಮೇಲೆ ಪಕ್ಕಕ್ಕೊಂದು ಎಮ್ಮೆಯನ್ನೂ ತಂದು ಕಟ್ಟಿದರು. ಕೊನೆಯವರೆಗೂ ಅವರ ಎಲೆಅಡಿಕೆ ಆ ಕಾರಿನೊಳಗೇ. ನಾನು ಅದರಲ್ಲಿ ಕಚೇರಿಗೆ ಹೋದೆನೇ ಎಂದು ಕೇಳಬೇಡಿ. ಹೊರಡುತ್ತಿದ್ದೆ, ತಲುಪುತ್ತಿದ್ದುದು ಬಸ್ಸಿನಲ್ಲಿ.

ಈಗ ಕಾಕಾ ಇಲ್ಲ. ನನ್ನ ಮೊಣಕಾಲುಗಳು ಆ ಸೀಟಿಗೆ ಇಳಿಯುತ್ತವೆ, ಏಳಲು ಒಪ್ಪುವುದಿಲ್ಲ. ಇಷ್ಟೆಲ್ಲವನ್ನೂ ಬೆಳಗಾವಿಯವರಿಗೆ ಹೇಳಿದೆ. ರಾಜರಿಲ್ಲ ಎಂದಾಗ ಅವರ ಮುಖ ಬಾಡಿತ್ತು. ವಿಲನ್ ದಬ್ಬುವ ಹೊತ್ತಿಗೆ ಚಹಾ ಚೆಲ್ಲುವಂತೆ ನಕ್ಕರು. ಅದನ್ನು ನೋಡಿಯೇ ನಾನು ಕೊಡಲು ಮನಸ್ಸು ಮಾಡಿದ್ದು.

ಅವರು ಗೂಟಕ್ಕೆ ತೂಗುಹಾಕಿದ್ದ ಕಾಕಾನ ಹಗ್ಗಕ್ಕೆ ಕೈ ಚಾಚಿದರು. "ಇದರಿಂದನ ಎಳಕೊಂಡ ಹೋಗತೀನ್ರೀ."

"ಹಗ್ಗ ನೀವ ತರಬೇಕ್ರೀ" ಎಂದೆ.

ತಂದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರು. ಕೊಟ್ಟಿಗೆ ದಾಟಿತು, ಅಂಗಳ ದಾಟಿತು. ಗೇಟಿನ ಹೊರಗೆ ಗಾಲಿ ಚರಂಡಿಯ ಕಲ್ಲಿಗೆ ತಡೆದು, ಕಾರು ನಿಂತುಬಿಟ್ಟಿತು.

"ಏನಾತ್ರೀ?" ಎಂದು ಅವರು ಗಾಬರಿಯಿಂದ ತಿರುಗಿ ನೋಡಿದರು.

"ಏನೂ ಆಗಿಲ್ರೀ" ಎಂದೆ. "ಗುರ್ತು ಹಿಡದೈತಿ. ಜರಾ ತಡೀರಿ, ಹೋಗತೈತಿ."